ಉಪ್ಪು ಬೆವರುವ ಗಿಡ, ಹೊಳೆಬಂಡೆಯ ಗಿಡ

ಪುಣೆಯ ಉತ್ತರಕ್ಕೆ, ಭೀಮಾ ನದಿಯ ಮೇಲ್ಪಾತ್ರದಲ್ಲಿ, ಮಳೆಗಾಲ ಕಳೆದು ನೀರು ಇಳಿದ ಮೇಲೆ ಕರಿಯ ಬಸಾಲ್ಟ್ ಬಂಡೆಯ ಹಾಸು ಮೈತೆರೆದುಕೊಳ್ಳುವ ಜಾಗವೊಂದಿದೆ. ಕಳೆದ ವರ್ಷ ಡಿಸೆಂಬರಿನ ಒಂದು ಭಾನುವಾರ ಇಬ್ಬರು ಕನ್ನಡದ ಗೆಳೆಯರೊಡನೆ ಅಲ್ಲಿಗೆ ಹೋಗಿದ್ದೆ. ವಿಜಯಪುರ ಜಿಲ್ಲೆಯಲ್ಲಿ ಹುಟ್ಟಿ ಬೆಳೆದ ನನಗೆ ಭೀಮೆ ಎಂದರೆ ಮರಳು ಮತ್ತು ಎರೆಮಣ್ಣಿನ ನಡುವೆ ನಿಧಾನವಾಗಿ ಹರಿಯುವ ಅಗಲವಾದ ಹೊಳೆ. ಬಂಡೆಯ ಸೀಳಿನಲ್ಲಿ ನುಗ್ಗಿ ಬರುವ ಈ ಎಳೆಯ ಭೀಮೆಯನ್ನು ಕಂಡಾಗಲೆಲ್ಲ, ಊರಿನಲ್ಲಿ ವಯಸ್ಸಾದ ಮೇಲೆ ಪರಿಚಯವಾದ ಹಿರಿಯರೊಬ್ಬರ ಬಾಲ್ಯದ ಚಿತ್ರವನ್ನು ನೋಡಿದಂತೆ ಅನಿಸುತ್ತದೆ. ಅಂದು ಆ ಬಂಡೆಗಳ ಬಿರುಕುಗಳಲ್ಲಿ ಸೊಂಟದೆತ್ತರದ ಪೊದೆಗಳು ಹೂ ಬಿಟ್ಟಿದ್ದವು. ಎಲೆ ಎಂದು ಕರೆಯಬಹುದಾದದ್ದೇನೂ ಮೊದಲ ನೋಟಕ್ಕೆ ಕಾಣದ, ತೆಳುವಾದ ಬೂದುಹಸಿರು ಕಡ್ಡಿಗಳು; ಅವುಗಳ ತುದಿಯಲ್ಲಿ ತಿಳಿಗುಲಾಬಿ ಬಣ್ಣದ ಹೂಗೊಂಚಲುಗಳು. ಗೆಳೆಯರಲ್ಲೊಬ್ಬರು ಅದನ್ನು ಸರುವೆಯ ಸಸಿ ಎಂದುಕೊಂಡರು. ಸಮುದ್ರದಂಡೆಯ ಗಾಳಿಮರವನ್ನು ನೋಡಿದವರು ಹಾಗೆ ಭಾವಿಸುವುದು ಸಹಜವೇ ಆಗಿದೆ.

ಆದರೆ ಅದು ಸರುವೆಯಲ್ಲ. ಹಿಂದಿ ಮತ್ತು ಮರಾಠಿಗಳಲ್ಲಿ ಝಾವು ಎಂದೂ, ಸಂಸ್ಕೃತದಲ್ಲಿ ಝಾವುಕ ಎಂದೂ, ಇಂಗ್ಲಿಷಿನಲ್ಲಿ ಟ್ಯಾಮರಿಸ್ಕ್ ಎಂದೂ ಕರೆಸಿಕೊಳ್ಳುವ ಟ್ಯಾಮರಿಕ್ಸ್ ಕುಲಕ್ಕೆ ಸೇರಿದ, ದಖ್ಖನ್ನಿನ ಹೊಳೆಪಾತ್ರಗಳ ಗಿಡ ಅದು. ಸಸ್ಯಶಾಸ್ತ್ರದಲ್ಲಿ ಟ್ಯಾಮರಿಕ್ಸ್ ಎರಿಕಾಯ್ಡಿಸ್. ಟ್ಯಾಮರಿಸ್ಕ್ ಎಂದೊಡನೆ ಹಲವರಿಗೆ ಟ್ಯಾಮರಿಂಡ್ ನೆನಪಾಗಿ, ಮಾತು ಹುಣಸೆಯ ಕಡೆಗೆ ಹೊರಳುತ್ತದೆ. ಎರಡಕ್ಕೂ ಯಾವ ನಂಟೂ ಇಲ್ಲ. ಹುಣಸೆಯ ಇಂಗ್ಲಿಷ್ ಹೆಸರು ಅರಬ್ಬಿಯ 'ತಮರ್ ಹಿಂದಿ', ಎಂದರೆ ಹಿಂದೂಸ್ತಾನದ ಖರ್ಜೂರ, ಎಂಬುದರಿಂದ ಬಂದದ್ದು; ಟ್ಯಾಮರಿಸ್ಕ್ ಎಂಬುದು ಲ್ಯಾಟಿನ್ ಮೂಲದ ಮಾತು.

ಈ ಕುಲದಲ್ಲಿ ಐವತ್ತರಿಂದ ಅರವತ್ತು ಪ್ರಭೇದಗಳಿವೆ. ದಕ್ಷಿಣ ಯುರೋಪ್, ಆಫ್ರಿಕ ಮತ್ತು ಏಷ್ಯಗಳು ಇವುಗಳ ತವರು. ಅಮೆರಿಕ ಮತ್ತು ಆಸ್ಟ್ರೇಲಿಯ ಖಂಡಗಳಲ್ಲಿ ಸಹಜವಾಗಿ ಒಂದೂ ಇರಲಿಲ್ಲ. ಬಹುಪಾಲು ಪ್ರಭೇದಗಳು ಮರುಭೂಮಿಯ ನದಿದಂಡೆ, ಚೌಳುನೆಲ, ಕಡಲಂಚು, ಮರಳುದಿಬ್ಬ ಇಂತಹ ಕಡೆ ಬದುಕುತ್ತವೆ. ರಾಜಸ್ಥಾನ, ಗುಜರಾತ್, ಪಂಜಾಬ್ ಮತ್ತು ಸಿಂಧ್ ಪ್ರಾಂತಗಳ ಹೊಲದ ಬದುಗಳಲ್ಲಿ ಗಾಳಿತಡೆಯಾಗಿ ಬೆಳೆಸುವ ಟ್ಯಾಮರಿಕ್ಸ್ ಅಫಿಲ್ಲ ಇವುಗಳಲ್ಲೆಲ್ಲ ಎತ್ತರವಾಗಿ ಬೆಳೆದು ನಿಜವಾದ ಮರವಾಗುತ್ತದೆ. ಉತ್ತರದಲ್ಲಿ ಇದಕ್ಕೆ ಫರಾಶ್ ಎಂಬ ಹೆಸರಿದೆ. ಅಬ್ರಹಾಮನು ಬೇರ್ಷೆಬದಲ್ಲಿ ನೆಟ್ಟನೆಂದು ಬೈಬಲ್ಲಿನ ಆದಿಕಾಂಡ ಹೇಳುವ ಮರವೂ, ಸಬಾ ನಾಡಿನ ತೋಟಗಳು ಹಾಳಾದ ಮೇಲೆ ಅಲ್ಲಿ ಉಳಿದದ್ದೆಂದು ಕುರ್‌ಆನ್ ಹೇಳುವ ಗಿಡವೂ ಝಾವಿನ ಜಾತಿಯವೇ. ಒಂದೆಡೆ ನೆಲೆನಿಂತ ಗುರುತು, ಇನ್ನೊಂದೆಡೆ ಪಾಳುಬಿದ್ದ ಗುರುತು. ಈ ಎರಡೂ ಸರಿ ಎಂದು ತೋರುವಂತೆ ಈ ಗಿಡದ ಶರೀರರಚನೆ ಇದೆ.

ಕೆಲವು ವರ್ಷಗಳ ಹಿಂದೆ ಗುಜರಾತಿನ ಕಛ್‌ನಲ್ಲಿ, ರಣ್ ಎಂಬ ಉಪ್ಪುಬಯಲಿನ ಅಂಚಿನಲ್ಲಿ, ಫರಾಶ್ ಮರದ ಕೊಂಬೆಯೊಂದನ್ನು ಹಿಡಿದು ಬೆರಳನ್ನು ನಾಲಿಗೆಗೆ ತಾಗಿಸಿಕೊಂಡಾಗ ಉಪ್ಪಿನ ರುಚಿ ಹತ್ತಿತು. ದೂಳಿನಂತೆ ಕಂಡಿದ್ದ ಬಿಳಿಯ ಪುಡಿ ದೂಳಾಗಿರಲಿಲ್ಲ. ಮರವೇ ಹೊರಹಾಕಿದ ಹರಳುಗಳಾಗಿದ್ದವು. ಅಫಿಲ್ಲ ಎಂದರೆ ಎಲೆಯಿಲ್ಲದ್ದು ಎಂದರ್ಥವಾದರೂ ಎಲೆಗಳು ಇಲ್ಲದಿಲ್ಲ. ಅವು ಕಡ್ಡಿಯನ್ನು ಸುತ್ತುವರಿದು ಅಂಟಿಕೊಂಡ ಪುಟ್ಟ ಹುರುಪೆಗಳಾಗಿವೆ. ಬಿಸಿಲಿಗೆ ಒಡ್ಡಿಕೊಳ್ಳುವ ಮೈ ಕಡಿಮೆಯಾದಷ್ಟೂ ಕಳೆದುಕೊಳ್ಳುವ ನೀರೂ ಕಡಿಮೆ ಎಂಬುದು ಒಣನಾಡಿನ ಹಲವು ಗಿಡಗಳು ಕಂಡುಕೊಂಡ ದಾರಿ, ಅದರಲ್ಲಿ ವಿಶೇಷವೇನಿಲ್ಲ. ವಿಶೇಷವಿರುವುದು ಆ ಹುರುಪೆಗಳ ಮೇಲ್ಮೈಯಲ್ಲಿ, ಸಣ್ಣ ಗುಳಿಗಳೊಳಗೆ ಹುದುಗಿರುವ ಉಪ್ಪಿನ ಗ್ರಂಥಿಗಳಲ್ಲಿ. ಒಂದೊಂದು ಗ್ರಂಥಿಯೂ ಎಂಟು ಜೀವಕೋಶಗಳ ಕೂಟ: ಒಳಗಿನ ಎರಡು ಕೋಶಗಳು ಎಲೆಯ ಅಂಗಾಂಶದಿಂದ ಲವಣವನ್ನು ಸಂಗ್ರಹಿಸಿ ಕೊಡುತ್ತವೆ, ಹೊರಗಿನ ಆರು ಅದನ್ನು ಹೊರಗೆ ಸ್ರವಿಸುತ್ತವೆ. ಬೇರಿನ ಸುತ್ತ ಯಾವ ಲವಣಗಳಿವೆಯೋ ಅದನ್ನು ಅನುಸರಿಸಿ ಸೋಡಿಯಂ, ಪೊಟ್ಯಾಸಿಯಂ, ಮೆಗ್ನೀಸಿಯಂ, ಕ್ಯಾಲ್ಸಿಯಂ, ಕ್ಲೋರೈಡ್, ಸಲ್ಫೇಟ್ ಇವೆಲ್ಲ ಹೊರಬರುತ್ತವೆ. ಸಾಮಾನ್ಯ ಗಿಡವೊಂದು ಚೌಳುನೆಲದಲ್ಲಿ ಸಾಯುವುದಕ್ಕೆ ಎರಡು ಕಾರಣಗಳಿವೆ. ಉಪ್ಪು ಬೆರೆತ ನೀರನ್ನು ಬೇರು ಎಳೆದುಕೊಳ್ಳಲಾರದು, ಎಳೆದುಕೊಂಡರೂ ಒಳಗೆ ಶೇಖರವಾದ ಸೋಡಿಯಂ ಅದರ ಕೋಶಗಳಿಗೆ ವಿಷವಾಗುತ್ತದೆ. ಝಾವು ಉಪ್ಪುನೀರನ್ನು ಕುಡಿದು, ಬೇಡದ್ದನ್ನು ಎಲೆಯ ಮೂಲಕ ಬೆವರಿ, ತನ್ನ ಒಳಗನ್ನು ಹದದಲ್ಲಿ ಇಟ್ಟುಕೊಳ್ಳುತ್ತದೆ.

ಆ ಬೆವರಿನ ಕಥೆ ಅಲ್ಲಿಗೆ ಮುಗಿಯುವುದಿಲ್ಲ ಎಂಬುದು ನನಗೆ ಈ ಗಿಡದ ವಿಷಯದಲ್ಲಿ ಅತ್ಯಂತ ಇಷ್ಟವಾದ ಸಂಗತಿ. ಹಗಲಿನ ಬಿಸಿಲಿಗೆ ಸ್ರಾವದ ನೀರು ಆವಿಯಾಗಿ ಹರಳುಗಳು ಉಳಿಯುತ್ತವೆ; ರಾತ್ರಿ ಗಾಳಿಯ ತೇವ ಏರಿದಾಗ ಅದೇ ಹರಳುಗಳು ತೇವವನ್ನು ಹೀರಿ ಹನಿಗಳಾಗುತ್ತವೆ. ಮರುಭೂಮಿಯಲ್ಲಿ ಬೆಳಗಿನ ಜಾವ ಝಾವಿನ ಕೆಳಗೆ ನಿಂತವರ ಮೈಮೇಲೆ ಉಪ್ಪುಹನಿ ಉದುರುವುದು ಇದೇ ಕಾರಣದಿಂದ. ಮಳೆಗಾಲದಲ್ಲಿ ಅಡಿಗೆಮನೆಯ ಉಪ್ಪಿನ ಭರಣಿ ನೀರೊಡೆಯುವುದನ್ನು ಕಂಡವರಿಗೆ ಇದು ಅಚ್ಚರಿಯಾಗದು. ಆದರೆ ಅಡಿಗೆಯ ಉಪ್ಪು ನೀರೊಡೆಯಬೇಕಾದರೆ ಗಾಳಿಯ ತೇವಾಂಶ ಶೇಕಡ 75ರಷ್ಟಿರಬೇಕು, ಮರುಭೂಮಿಯ ರಾತ್ರಿಗಳೆಲ್ಲ ಅಷ್ಟು ತೇವವಾಗಿರುವುದಿಲ್ಲ. ಅಬುಧಾಬಿಯಲ್ಲಿರುವ ನ್ಯೂಯಾರ್ಕ್ ವಿಶ್ವವಿದ್ಯಾಲಯದ ಸಂಶೋಧಕರು 2023ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಇದರ ಗುಟ್ಟನ್ನು ಬಿಡಿಸಿತು: ಟ್ಯಾಮರಿಕ್ಸ್ ಅಫಿಲ್ಲದ ಮೈಮೇಲಿನ ಹರಳುಗಳು ಹಲವು ಖನಿಜಗಳ ಮಿಶ್ರಣವಾಗಿದ್ದು, ಅದರಲ್ಲಿ ಅಲ್ಪಪ್ರಮಾಣದಲ್ಲಿರುವ ಲಿಥಿಯಂ ಸಲ್ಫೇಟ್ ಗಾಳಿಯ ತೇವಾಂಶ ಸುಮಾರು ಶೇಕಡ 55ಕ್ಕೆ ಇಳಿದಿದ್ದಾಗಲೂ ನೀರನ್ನು ಹಿಡಿಯಲು ನೆರವಾಗುತ್ತದೆ. ಹರಳುಗಳನ್ನು ತೊಳೆದು ತೆಗೆದ ಕೊಂಬೆಯು ಹರಳಿರುವ ಕೊಂಬೆಗಿಂತ ಬಹಳ ಕಡಿಮೆ ನೀರನ್ನು ಸಂಗ್ರಹಿಸಿತು. ಹಾಗೆ ಹಿಡಿದ ನೀರಿನ ಒಂದಂಶವನ್ನು ಮರವು ಎಲೆಮೈಯ ಮೂಲಕವೇ ಒಳಗೆ ಎಳೆದುಕೊಳ್ಳುತ್ತದೆ ಎಂಬುದನ್ನೂ ಅವರು ತೋರಿಸಿದರು. ಹೊರಗೆಸೆದ ಕಸವೇ ನೀರು ತರುವ ಸಾಧನವಾಗುವ ಇಂತಹ ಏರ್ಪಾಟು ನನಗೆ ತಿಳಿದ ಸಸ್ಯಲೋಕದಲ್ಲಿ ವಿರಳ.

ಆದರೂ ಝಾವಿನ ಬದುಕು ನಿಂತಿರುವುದು ಗಾಳಿಯ ನೀರಿನ ಮೇಲಲ್ಲ, ನೆಲದ ನೀರಿನ ಮೇಲೆ. ಅದರ ತಾಯಿಬೇರು ಅಂತರ್ಜಲವನ್ನು ಅರಸಿ ಆಳಕ್ಕೆ ಇಳಿಯುತ್ತದೆ. ಅಂತರ್ಜಲ ಕೈಗೆಟುಕದ ಕಾಲದಲ್ಲಿ ಮೇಲ್ಮಣ್ಣಿನ ತೇವವನ್ನು ಬಳಸಿಕೊಂಡು ಬದುಕಬಲ್ಲ ಶಕ್ತಿಯೂ ಅದಕ್ಕಿದೆ. ಆಳದ ನೀರನ್ನೇ ನೆಚ್ಚಿ, ಅದು ಕುಸಿದಾಗ ಒಣಗಿಹೋಗುವ ಮರಗಳಿಗೂ ಇದಕ್ಕೂ ಇರುವ ವ್ಯತ್ಯಾಸ ಇಲ್ಲಿಯೇ. ಇನ್ನೊಂದು ಗುಣವೆಂದರೆ, ಕಾಂಡವನ್ನು ಹೂಳು ಅಥವಾ ಮರಳು ಮುಚ್ಚಿದರೆ ಅದು ಉಸಿರುಗಟ್ಟಿ ಸಾಯುವುದಿಲ್ಲ. ಹೂತುಹೋದ ಕಾಂಡದಿಂದಲೇ ಹೊಸ ಬೇರುಗಳನ್ನು ಬಿಟ್ಟು ಮೇಲಕ್ಕೆ ಬೆಳೆಯುತ್ತದೆ. ಚೀನದ ತಕ್ಲಮಕಾನ್ ಮರುಭೂಮಿಯ ಅಂಚಿನಲ್ಲಿ ಇದರಿಂದಾಗಿ ವಿಚಿತ್ರವಾದ ಭೂರೂಪಗಳೇ ನಿರ್ಮಾಣವಾಗಿವೆ. ಗಾಳಿ ಹೊತ್ತು ತಂದ ಮರಳು ಪೊದೆಯ ಬುಡದಲ್ಲಿ ನಿಲ್ಲುತ್ತದೆ, ಪೊದೆ ಅದರ ಮೇಲೆ ಏರುತ್ತದೆ, ಮತ್ತೆ ಮರಳು ನಿಲ್ಲುತ್ತದೆ. ಶತಮಾನಗಳ ಈ ಪೈಪೋಟಿಯಲ್ಲಿ ಹತ್ತು ಮೀಟರಿಗೂ ಎತ್ತರದ ದಿಬ್ಬಗಳು ಎದ್ದು, ಉದುರಿದ ಎಲೆ ಮತ್ತು ಮರಳಿನ ಪದರಗಳು ಒಂದರ ಮೇಲೊಂದು ಕೂತು, ಆ ಪ್ರದೇಶದ ಹಿಂದಿನ ಹವಾಮಾನವನ್ನು ಓದಲು ವಿಜ್ಞಾನಿಗಳಿಗೆ ದಿನಚರಿಯಂತೆ ಒದಗುತ್ತಿವೆ. ಅದೇ ಝಾವಿನ ಬೇರಿನ ಮೇಲೆ ಸಿಸ್ಟಾಂಕಿ ಎಂಬ, ಹಸಿರಿಲ್ಲದ ಪರಾವಲಂಬಿ ಗಿಡವನ್ನು ಅಲ್ಲಿನ ರೈತರು ಔಷಧಿಗಾಗಿ ಬೆಳೆಸುತ್ತಾರೆ. ಕಛ್‌ನಲ್ಲಿ ಮರಳಿನಿಂದ ನೇರವಾಗಿ ಎದ್ದ ಅದರ ಹಳದಿ ಹೂದಂಡವನ್ನು ನೋಡಿದ್ದೇನೆ.

ಇಷ್ಟೆಲ್ಲ ಗಟ್ಟಿಯಾದ ಗಿಡದ ಬೀಜ ಮಾತ್ರ ತೀರ ನಾಜೂಕಿನದು. ಅಮೆರಿಕದಲ್ಲಿ ಹಬ್ಬಿರುವ ಝಾವಿನ ಒಂದು ದೊಡ್ಡ ಗಿಡ ವರ್ಷಕ್ಕೆ ಐದು ಲಕ್ಷದಷ್ಟು ಬೀಜಗಳನ್ನು ಉದುರಿಸಬಲ್ಲದು. ಒಂದೊಂದರ ತುದಿಯಲ್ಲಿಯೂ ರೇಷ್ಮೆಯಂತಹ ಕೂದಲಿನ ಕುಚ್ಚಿದ್ದು, ಗಾಳಿಯಲ್ಲಿ ಹಾರಿ, ನೀರಿನಲ್ಲಿ ತೇಲಿ ಹೋಗುತ್ತದೆ. ಆದರೆ ಬೀಜದ ಜೀವ ಕೆಲವೇ ವಾರಗಳದ್ದು. ಅಷ್ಟರೊಳಗೆ ಬಿಸಿಲು ಬೀಳುವ, ಬೇರೆ ಗಿಡಗಳಿಲ್ಲದ, ಒದ್ದೆಯಾದ ಮೆಕ್ಕಲಿನ ಮೇಲೆ ಬಿದ್ದರೆ ಒಂದು ದಿನದೊಳಗೆ ಮೊಳಕೆಯೊಡೆಯುತ್ತದೆ, ಇಲ್ಲವಾದರೆ ಸಾಯುತ್ತದೆ. ಮೊಳೆತ ಸಸಿಯ ಬೆಳವಣಿಗೆ ಆರಂಭದಲ್ಲಿ ಬಹಳ ನಿಧಾನವಾದ್ದರಿಂದ ಕೆಲವು ವಾರಗಳ ಕಾಲ ನೆಲ ಒದ್ದೆಯಾಗಿಯೇ ಇರಬೇಕು, ಮತ್ತು ಆ ಅವಧಿಯಲ್ಲಿ ರಭಸದ ಪ್ರವಾಹ ಬಂದು ಕೊಚ್ಚಿಕೊಂಡು ಹೋಗಕೂಡದು. ಬೆಳೆದ ಗಿಡ ವಾರಗಟ್ಟಲೆ ನೀರಿನಲ್ಲಿ ಮುಳುಗಿಯೂ ಬದುಕುತ್ತದೆ, ಕಡಿದರೆ ಬುಡದಿಂದ ಚಿಗುರುತ್ತದೆ, ಸುಟ್ಟರೂ ಚಿಗುರುತ್ತದೆ. ಮರುಭೂಮಿಯ ವೀರನೆಂದು ಇದನ್ನು ವರ್ಣಿಸುವವರು ಈ ಆರಂಭದ ಕೆಲವು ವಾರಗಳನ್ನು ಮರೆಯುತ್ತಾರೆ. ಝಾವಿನ ಹಣೆಬರಹವನ್ನು ನಿರ್ಧರಿಸುವುದು ಬರವಲ್ಲ, ನದಿಯ ನೀರು ಯಾವಾಗ ಏರುತ್ತದೆ, ಯಾವಾಗ ಇಳಿಯುತ್ತದೆ ಎಂಬ ವೇಳಾಪಟ್ಟಿ. ನನ್ನ ತಿಳಿವಳಿಕೆಯಲ್ಲಿ ಈ ಕುಲವನ್ನು ಅರಿಯಲು ಬೇಕಾದ ಬೀಗದಕೈ ಇದೊಂದೇ.

ಅಮೆರಿಕದ ನೈಋತ್ಯ ಭಾಗದಲ್ಲಿ ನಡೆದದ್ದನ್ನು ಈ ದೃಷ್ಟಿಯಿಂದ ನೋಡಬೇಕು. 1820ರ ದಶಕದಲ್ಲಿ ಅಲಂಕಾರದ ಗಿಡವಾಗಿ ಅಲ್ಲಿನ ನರ್ಸರಿಗಳಿಗೆ ಬಂದ ಝಾವು ಮುಂದೆ ಮಣ್ಣಿನ ಸವಕಳಿ ತಡೆಯಲು ನೆಡಲ್ಪಟ್ಟು, ಇಪ್ಪತ್ತನೆಯ ಶತಮಾನದಲ್ಲಿ ನದಿದಂಡೆಗಳನ್ನೆಲ್ಲ ವ್ಯಾಪಿಸಿತು. ಏಷ್ಯದಲ್ಲಿ ಬೇರೆ ಬೇರೆ ನೆಲೆಗಳಲ್ಲಿ ಬದುಕುವ ಟ್ಯಾಮರಿಕ್ಸ್ ರಾಮೊಸಿಸ್ಸಿಮ ಮತ್ತು ಟ್ಯಾಮರಿಕ್ಸ್ ಚೈನೆನ್ಸಿಸ್ ಅಲ್ಲಿ ಒಂದಕ್ಕೊಂದು ಬೆರೆತು ಮಿಶ್ರತಳಿಯೂ ಹುಟ್ಟಿತು. ಸ್ಥಳೀಯವಾದ ಕಾಟನ್‌ವುಡ್ ಮತ್ತು ವಿಲೋ ಮರಗಳು ಕಡಿಮೆಯಾದವು. ಆಕ್ರಮಣಕಾರಿ ಗಿಡವೊಂದು ನದಿಯನ್ನು ಕುಡಿದು ಬತ್ತಿಸುತ್ತಿದೆ ಎಂಬ ಮಾತು ಹರಡಿತು. ಒಂದು ಗಿಡ ದಿನಕ್ಕೆ 757 ಲೀಟರ್, ಎಂದರೆ ಅವರ ಲೆಕ್ಕದಲ್ಲಿ 200 ಗ್ಯಾಲನ್, ನೀರು ಕುಡಿಯುತ್ತದೆ ಎಂಬ ಅಂಕಿ ದಶಕಗಳ ಕಾಲ ಕೈಯಿಂದ ಕೈಗೆ ದಾಟಿತು. 2007ರಲ್ಲಿ ಓವೆನ್ಸ್ ಮತ್ತು ಮೂರ್ ಎಂಬ ಇಬ್ಬರು ಸಂಶೋಧಕರು ಕಾಂಡದೊಳಗೆ ನೀರು ಹರಿಯುವ ವೇಗವನ್ನು ಅಳೆದು ಲೆಕ್ಕ ಹಾಕಿದಾಗ ಗರಿಷ್ಠವೆಂದರೂ ದಿನಕ್ಕೆ 122 ಲೀಟರಿಗಿಂತ ಕಡಿಮೆ ಎಂದು ತಿಳಿದುಬಂತು. ನದಿದಂಡೆಯ ಸ್ಥಳೀಯ ಮರಗಳು ಬಳಸುವ ನೀರಿಗೂ ಝಾವು ಬಳಸುವ ನೀರಿಗೂ ಅಂತಹ ಅಂತರವಿಲ್ಲ ಎಂಬುದು ಈಗ ಬಹುಮಟ್ಟಿಗೆ ಒಪ್ಪಿತವಾಗಿದೆ. ಟೆಕ್ಸಸ್ ಮತ್ತು ನ್ಯೂಮೆಕ್ಸಿಕೊಗಳ ಪೇಕಸ್ ನದಿಯ ದಂಡೆಯಲ್ಲಿ ಝಾವನ್ನು ತೆಗೆದುಹಾಕಿದ ಮೇಲೂ ನದಿಯ ಹರಿವಿನಲ್ಲಿ ನಿರೀಕ್ಷಿಸಿದ ಹೆಚ್ಚಳ ಕಂಡುಬರಲಿಲ್ಲ.

ಹಾಗಾದರೆ ಅದು ಗೆದ್ದದ್ದು ಹೇಗೆ? ಕಾಟನ್‌ವುಡ್ ಮರ ವಸಂತದ ಕೆಲವೇ ವಾರಗಳಲ್ಲಿ ಬೀಜ ಉದುರಿಸುತ್ತದೆ, ಏಕೆಂದರೆ ಬೆಟ್ಟದ ಹಿಮ ಕರಗಿ ಬರುವ ಪ್ರವಾಹ ಇಳಿದು ದಂಡೆಯ ಮೆಕ್ಕಲು ಒದ್ದೆಯಾಗಿ ತೆರೆದುಕೊಳ್ಳುವುದು ಆಗಲೇ. ಝಾವು ವಸಂತದಿಂದ ಶರತ್ಕಾಲದವರೆಗೂ ಬಿಡದೆ ಬೀಜ ಬಿಡುತ್ತದೆ. ಕೊಲರಾಡೊ ನದಿಗೆ 1936ರಲ್ಲಿ ಹೂವರ್ ಅಣೆಕಟ್ಟು ಪೂರ್ಣಗೊಂಡಿತು, 1963ರಲ್ಲಿ ಗ್ಲೆನ್ ಕ್ಯಾನ್ಯನ್ ಅಣೆಕಟ್ಟು ನೀರು ತಡೆಯತೊಡಗಿತು. ವಸಂತದ ಪ್ರವಾಹ ನಿಂತಿತು. ವಿದ್ಯುತ್ತು ಮತ್ತು ನೀರಾವರಿಯ ಅಗತ್ಯಕ್ಕೆ ತಕ್ಕಂತೆ ಯಾವಾಗಲೋ ನೀರು ಬಿಡುವ ಪದ್ಧತಿ ಬಂತು. ಹಳೆಯ ವೇಳಾಪಟ್ಟಿಯನ್ನು ನಂಬಿದ ಮರದ ಬೀಜ ಒಣನೆಲದ ಮೇಲೆ ಬಿದ್ದು ಸತ್ತಿತು. ಎಲ್ಲ ಕಾಲದಲ್ಲಿಯೂ ಬೀಜ ಬಿಡುವ ಗಿಡಕ್ಕೆ ಎಂದೋ ಒಂದು ದಿನ ಒದ್ದೆ ನೆಲ ಸಿಕ್ಕಿತು. ದಂಡೆಯ ಉಪ್ಪನ್ನು ತೊಳೆದೊಯ್ಯುತ್ತಿದ್ದ ನೆರೆಯೂ ಇಲ್ಲವಾದ್ದರಿಂದ ಚೌಳು ಏರಿತು, ಅದನ್ನೂ ತಾಳಿಕೊಳ್ಳಬಲ್ಲದ್ದು ಝಾವೇ. ಅಣೆಕಟ್ಟಿಲ್ಲದೆ ಹರಿಯುವ ಅರಿಜೋನದ ಸಾನ್ ಪೆಡ್ರೊ ನದಿಯಲ್ಲಿ, ವರ್ಷವಿಡೀ ನೀರಿರುವ ಭಾಗಗಳಲ್ಲಿ ಕಾಟನ್‌ವುಡ್ ಮತ್ತು ವಿಲೋಗಳೇ ಇಂದಿಗೂ ಮೇಲುಗೈ ಪಡೆದಿವೆ.

ತಪ್ಪುಹೊರೆಸಿದ ಗಿಡವನ್ನು ತೆಗೆಯಲು ಹೋದಾಗ ಆದದ್ದು ನನ್ನನ್ನು ಬಹುಕಾಲ ಕಾಡಿತು. ಝಾವಿನ ಎಲೆಯನ್ನಷ್ಟೇ ತಿನ್ನುವ ಡಯೋರಾಬ್ಡ ಎಂಬ ಜೀರುಂಡೆಯನ್ನು ಏಷ್ಯದಿಂದ ತಂದು 2001ರಲ್ಲಿ ಅಲ್ಲಿ ಬಯಲಿಗೆ ಬಿಡಲಾಯಿತು. ಅಷ್ಟರಲ್ಲಾಗಲೇ, 1995ರಲ್ಲಿ ಅಳಿವಿನಂಚಿನ ಪಟ್ಟಿಗೆ ಸೇರಿದ್ದ ನೈಋತ್ಯದ ವಿಲೋ ಫ್ಲೈಕ್ಯಾಚರ್ ಎಂಬ ಪುಟ್ಟ ಹಕ್ಕಿ, ವಿಲೋ ಮರಗಳಿಲ್ಲದ ಕಡೆ ಝಾವಿನಲ್ಲಿಯೇ ಗೂಡು ಕಟ್ಟತೊಡಗಿತ್ತು. ಗೂಡಿನಲ್ಲಿ ಮರಿಗಳಿರುವ ಬೇಸಿಗೆಯಲ್ಲಿಯೇ ಜೀರುಂಡೆ ಎಲೆಯನ್ನೆಲ್ಲ ತಿಂದು ನೆರಳನ್ನು ಕಳೆದುಬಿಡುತ್ತದೆ. ಅಲ್ಲಿನ ಕೃಷಿ ಇಲಾಖೆ 2010ರಲ್ಲಿ ಆ ಕಾರ್ಯಕ್ರಮವನ್ನು ನಿಲ್ಲಿಸಿತು. ಜೀರುಂಡೆಗಳು ತಮ್ಮಷ್ಟಕ್ಕೆ ಹರಡುತ್ತಲೇ ಇವೆ. ಆಸ್ಟ್ರೇಲಿಯದ ನಡುನಾಡಿನಲ್ಲಿ ಹರಿಯುವ ಫಿಂಕ್ ನದಿಯದ್ದು ಬೇರೆಯೇ ಸಂಗತಿ: ನೆರಳಿಗೆಂದು ನೆಟ್ಟಿದ್ದ ಫರಾಶ್ ಮರಗಳು 1974ರ ದೊಡ್ಡ ನೆರೆಯ ಬಳಿಕ ನದಿಪಾತ್ರವನ್ನೇ ಹಿಡಿದವು, ಮತ್ತು ಅಲ್ಲಿ ಅವು ನಿಜಕ್ಕೂ ಹಾನಿಕರ ಕಳೆಯೇ ಆಗಿವೆ. ಇನ್ನು ತವರಿನಲ್ಲಿ, ಚೀನದ ತಾರಿಮ್ ನದಿಯ ಕೆಳಪಾತ್ರ 1970ರ ದಶಕದಲ್ಲಿ ಬತ್ತಿ ಝಾವೂ ಒಣಗತೊಡಗಿದಾಗ, 2000ರಿಂದ ಅಣೆಕಟ್ಟಿನ ನೀರನ್ನು ಬಿಟ್ಟು ಅದನ್ನು ಉಳಿಸಿಕೊಳ್ಳಬೇಕಾಯಿತು. ಒಂದು ಖಂಡದಲ್ಲಿ ಕೊಲ್ಲಲು ಹಣ ಸುರಿಯುವ ಗಿಡಕ್ಕೆ ಇನ್ನೊಂದರಲ್ಲಿ ನೀರು ಸುರಿದು ಜೀವ ಕೊಡುತ್ತಾರೆ.

ಈಗ ನಮ್ಮ ಬಂಡೆಯ ಗಿಡಕ್ಕೆ ಮರಳುತ್ತೇನೆ. ಟ್ಯಾಮರಿಕ್ಸ್ ಎರಿಕಾಯ್ಡಿಸ್ ಈ ಕುಲದಲ್ಲಿ ತನ್ನದೇ ದಾರಿ ಹಿಡಿದದ್ದು. ಅದರ ಬಂಧುಗಳು ಮರಳಿನ ಬಿಸಿಲನ್ನೂ ಚೌಳನ್ನೂ ಎದುರಿಸಿದರೆ, ಇದು ವರ್ಷದಲ್ಲಿ ನಾಲ್ಕು ತಿಂಗಳು ಸಹ್ಯಾದ್ರಿಯಿಂದ ಇಳಿದುಬರುವ ಮುಂಗಾರಿನ ಪ್ರವಾಹದ ಕೆಳಗೆ ಬಾಗಿ ನಿಲ್ಲುತ್ತದೆ, ಉಳಿದ ತಿಂಗಳುಗಳಲ್ಲಿ ಕಾದ ಬಸಾಲ್ಟಿನ ಮೇಲೆ ನಿಲ್ಲುತ್ತದೆ. ಒಂದೇ ಜಾಗದಲ್ಲಿ ಹೊಳೆಯೂ ಮರುಭೂಮಿಯೂ ಇದ್ದಂತೆ. ಕಡ್ಡಿಗಳು ಮುರಿಯದೆ ಬಳುಕುತ್ತವೆ; ಹುರುಪೆಯಂತಹ ಎಲೆಗಳನ್ನು ನೀರಿನ ಸೆಳೆತ ಹರಿಯಲಾರದು; ಬೇರು ಬಂಡೆಯ ಸೀಳಿನಲ್ಲಿ ಲಂಗರು ಹಾಕಿರುತ್ತದೆ. ಮರುಭೂಮಿಯ ಬಿಸಿಲಿಗೆ ಒದಗಿದ ಅದೇ ದೇಹವಿನ್ಯಾಸ ಇಲ್ಲಿ ಪ್ರವಾಹಕ್ಕೂ ಒದಗಿದೆ. ಹೂ ಬಿಡುವುದು ನೀರು ಇಳಿದ ಮೇಲೆ, ಚಳಿಗಾಲದಲ್ಲಿ. ಇದರ ಜೊತೆಯಲ್ಲಿಯೇ ಬಂಡೆಯ ಸಂದಿಗಳಲ್ಲಿ ಬೆಳೆಯುವ ಹೊಮೊನೋಯಿಯಾ ಎಂಬ ಇನ್ನೊಂದು ಹೊಳೆಪೊದೆಯೂ ಇದೇ ಬಗೆಯ ಬದುಕನ್ನು ನಡೆಸುತ್ತದೆ.

ಪುಣೆ ನಗರದೊಳಗೆ ಮುಳಾ ಮತ್ತು ಮುಠಾ ನದಿಗಳ ದಂಡೆಯಲ್ಲಿ ಹನ್ನೆರಡು ವರ್ಷಗಳಿಂದ ನಡೆದಾಡುತ್ತಿದ್ದೇನೆ. ಅಲ್ಲಿ ಈ ಗಿಡವನ್ನು ಒಮ್ಮೆಯೂ ಕಂಡಿಲ್ಲ. ಮುಠಾ ನದಿಗೆ ಖಡಕ್‌ವಾಸ್ಲಾ ಅಣೆಕಟ್ಟು ಕಟ್ಟಿದ್ದು ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ. ಅದರ ಮೇಲ್ಭಾಗದ ಪಾನ್‌ಶೇತ್ ಅಣೆಕಟ್ಟು 1961ರ ಜುಲೈ 12ರಂದು ಒಡೆದು ನಗರದ ಹಳೆಯ ಪೇಟೆಗಳನ್ನು ಮುಳುಗಿಸಿದ ದಿನವನ್ನು ಇಲ್ಲಿನ ಹಿರಿಯರು ಇಂದಿಗೂ ಗಳಿಗೆ ಸಹಿತ ಹೇಳುತ್ತಾರೆ. ಈಗ ನಗರದೊಳಗಿನ ಮುಠೆ ಮಳೆಗಾಲದಲ್ಲಿ ಅಣೆಕಟ್ಟಿನ ಬಾಗಿಲು ತೆರೆದಾಗ ನುಗ್ಗುತ್ತದೆ, ಉಳಿದ ಕಾಲವೆಲ್ಲ ಕೊಳಚೆಯ ನಿಂತ ನೀರಾಗಿರುತ್ತದೆ. ಬಂಡೆಯ ಮೇಲೆ ಕರಿಯ ಹೂಳು ಕೂತಿದೆ, ಹೂಳಿನ ಮೇಲೆ ಮರಾಠಿಯಲ್ಲಿ ಜಲಪರ್ಣಿ ಎನ್ನುವ ಜಲಕಳೆ ಹರಡಿದೆ, ದಂಡೆಗೆ ಕಾಂಕ್ರೀಟಿನ ಗೋಡೆ ಬರುತ್ತಿದೆ. ಬರಿಯ ಬಂಡೆ, ತೊಳೆದು ಹೋಗುವ ನೆರೆ, ಚಳಿಗಾಲದ ತಿಳಿನೀರು ಈ ಮೂರೂ ಬೇಕಾದ ಗಿಡ ಅಲ್ಲಿರಲು ಕಾರಣವೇ ಉಳಿದಿಲ್ಲ. ನದಿಯ ವೇಳಾಪಟ್ಟಿ ಕೆಟ್ಟಾಗ ಕೊಲರಾಡೊದಲ್ಲಿ ಒಂದು ಝಾವು ಹಬ್ಬಿತು, ಮುಠೆಯಲ್ಲಿ ಇನ್ನೊಂದು ಝಾವಿಗೆ ಜಾಗವಿಲ್ಲವಾಯಿತು. ನದಿದಂಡೆಯ ಸುಂದರೀಕರಣದ ಮಾತು ಬಂದಾಗಲೆಲ್ಲ ಅಲಂಕಾರದ ಗಿಡಗಳ ಪಟ್ಟಿ ತಯಾರಾಗುತ್ತದೆ. ಈ ಹೊಳೆಗೇ ಹುಟ್ಟಿದ, ಗುಲಾಬಿ ಹೂವಿನ, ಯಾರೂ ನೀರುಣಿಸಬೇಕಿಲ್ಲದ ಪೊದೆಯ ಹೆಸರನ್ನು ಆ ಪಟ್ಟಿಗಳಲ್ಲಿ ನಾನು ನೋಡಿಲ್ಲ, ಮತ್ತು ಅದು ನನಗೆ ನೋವಿನ ವಿಷಯ.

ಡಿಸೆಂಬರಿನಲ್ಲಿ ನೋಡಿದ ಆ ಬಂಡೆಹಾಸಿಗೆ ಜುಲೈನಲ್ಲಿ ಮತ್ತೊಮ್ಮೆ ಹೋದೆ. ಬಂಡೆಯೂ ಕಾಣಲಿಲ್ಲ, ಗಿಡವೂ ಕಾಣಲಿಲ್ಲ. ಕೆಂಪು ನೀರು ಸೇತುವೆಯ ಕಂಬದ ಅರ್ಧದವರೆಗೆ ಏರಿತ್ತು. ಅಕ್ಟೋಬರ್ ಕೊನೆಯಲ್ಲಿ ಮೂರನೆಯ ಸಲ ಹೋದಾಗ ಪೊದೆಗಳೆಲ್ಲ ಹೊಳೆ ಹರಿದ ದಿಕ್ಕಿಗೆ ಬಾಚಿದ ಕೂದಲಿನಂತೆ ಒರಗಿದ್ದವು. ಕೊಂಬೆಗಳ ತುಂಬ ಹುಲ್ಲು, ನಾರು, ಪ್ಲಾಸ್ಟಿಕ್ಕಿನ ಚಿಂದಿಗಳು ಸುತ್ತಿಕೊಂಡಿದ್ದವು. ಗೆಳೆಯರೊಡನೆ ಕೂತು ಒಂದೊಂದಾಗಿ ಅವನ್ನು ಬಿಡಿಸುವಾಗ, ಒರಗಿದ ಕಡ್ಡಿಗಳ ಮೇಲ್ಮಗ್ಗುಲಿನಲ್ಲಿ ಉಗುರಿನಷ್ಟುದ್ದದ ಹೊಸ ಹಸಿರು ಚಿಗುರುಗಳು ನೆಟ್ಟಗೆ ಎದ್ದಿರುವುದು ಕಂಡಿತು.